ಕೋಳಿ ನುಂಗಿದ ಹೆಬ್ಬಾವಿಗೆ ಮತ್ತೆ ಹಸಿವಾಗುವುದು ಯಾವಾಗ?

ತೋಟದಮನೆ ಶಾರದೆ, ತೀರ್ಥಹಳ್ಳಿ ಕಡೆ

ಹಾವುಗಳ ವಿಷಯ ಬಲ್ಲವರು ಯಾರಾದರೂ ದಯವಿಟ್ಟು ಉತ್ತರಿಸಿ. ನಮ್ಮದು ಅಡಿಕೆ ತೋಟ. ಮನೆಯ ಹಿಂದೆ ಬ್ಯಾಣ, ಬ್ಯಾಣ ಮುಗಿದಲ್ಲಿಂದ ಕಾಡು. ಕಳೆದ ವಾರ ಬೆಳಿಗ್ಗೆ ಕೋಳಿಗೂಡು ತೆರೆಯಲು ಹೋದರೆ ಒಳಗೆ ಹೆಬ್ಬಾವು ಸುರುಳಿ ಸುತ್ತಿಕೊಂಡು ಮಲಗಿತ್ತು. ಒಳ್ಳೆಯ ಮೊಟ್ಟೆ ಇಡುತ್ತಿದ್ದ ಹೇಂಟೆಯೊಂದು ಕಾಣೆ. ಹಾವಿನ ನಡು ಉಬ್ಬಿತ್ತು. ಜಾಲರಿ ಹರಿದಿದ್ದ ಕಡೆಯಿಂದ ನುಗ್ಗಿದೆ, ನುಂಗಿದ ಮೇಲೆ ಅದೇ ಕಿಂಡಿಯಲ್ಲಿ ಹೊರಗೆ ಹೋಗಲು ಮೈ ಹಿಡಿಸಿಲ್ಲ. ಉಳಿದ ಕೋಳಿಗಳೆಲ್ಲ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಕುಳಿತಿದ್ದವು. ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಅವರು ಬಂದು ಚೀಲಕ್ಕೆ ಹಾಕಿಕೊಂಡು ಹಿಂದಿನ ಕಾಡಿಗೇ ಬಿಟ್ಟರು. ದೂರ ಬಿಟ್ಟರೆ ಹಾವಿಗೆ ನೆಲೆ ತಪ್ಪುತ್ತದೆ ಎಂದರು. ನನಗೇನೋ ಇನ್ನೂ ಸ್ವಲ್ಪ ದೂರ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಈಗ ಮನೆಯಲ್ಲಿ ಇದೇ ಚರ್ಚೆ. ರುಚಿ ಕಂಡ ಹಾವು ಅಮಾವಾಸ್ಯೆಯೊಳಗೆ ತಿರುಗಿ ಬಂದೇ ಬರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಪಕ್ಕದ ತೋಟದವರು, ಹೆಬ್ಬಾವು ಒಂದು ಸಲ ತಿಂದರೆ ಆರು ತಿಂಗಳು ಊಟವನ್ನೇ ಕೇಳುವುದಿಲ್ಲ, ನಿಶ್ಚಿಂತೆಯಿಂದಿರಿ ಎನ್ನುತ್ತಾರೆ. ಏಳನೇ ತರಗತಿಯ ನನ್ನ ಮಗಳದ್ದು ಮೂರನೆಯ ತಕರಾರು: ನಮ್ಮ ಟ್ಯೂಬ್‌ಲೈಟಿನ ಹಿಂದಿರುವ ಹಲ್ಲಿಯೂ ಸರೀಸೃಪವೇ ಅಲ್ಲವೇ, ಅದು ರಾತ್ರಿಯೆಲ್ಲ ಹುಳ ಹಿಡಿದು ತಿನ್ನುತ್ತದೆ, ಹಾಗಾದರೆ ಹೆಬ್ಬಾವಿಗೆ ಮಾತ್ರ ಯಾಕೆ ದಿನವೂ ಬೇಡ? ನನ್ನ ಬಳಿ ಉತ್ತರವಿಲ್ಲ. ಕೋಳಿಗಳನ್ನು ಹೊರಗೆ ಬಿಡಲು ಧೈರ್ಯವಿಲ್ಲದೆ ಗೂಡಿನಲ್ಲೇ ಕೂಡಿಹಾಕಿದ್ದೇನೆ. ಎಷ್ಟು ದಿನ ಹೀಗಿರಬೇಕು?

ಕೊಪ್ಪದ ಕೃಷಿಕ

ನಮ್ಮ ಕಡೆಯೂ ಇದೇ ಕಥೆ, ಅಕ್ಕ. ಜಾಲರಿ ಗಟ್ಟಿ ಮಾಡಿಸಿ, ಹಾವಿನ ಮೇಲೆ ಸಿಟ್ಟು ಬೇಡ. ಅದು ವರ್ಷಕ್ಕೊಂದು ಕೋಳಿ ತಿಂದರೂ ಹೆಗ್ಗಣಗಳನ್ನು ತಿಂದು ಲೆಕ್ಕ ಚುಕ್ತಾ ಮಾಡಿರುತ್ತದೆ. ಹುತ್ತದ ಬಾಯಿಗೆ ಹಾಲಿಟ್ಟರೆ ಹಾವಿನ ಹೊಟ್ಟೆ ತುಂಬಿ ಮನೆಯ ಕಡೆ ಸುಳಿಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಿಜವೋ ಸುಳ್ಳೋ, ಅದನ್ನೂ ಮಾಡಿ ನೋಡಿ.

ನಿವೃತ್ತ ಪಾಲಕ, ಮೈಸೂರು

ಶಾರದಮ್ಮನವರೇ, ನಿಮ್ಮ ಅತ್ತೆಯವರೂ ಪಕ್ಕದ ತೋಟದವರೂ ಇಬ್ಬರೂ ಪಂಚಾಂಗ ಹಿಡಿದು ಲೆಕ್ಕ ಹಾಕುತ್ತಿದ್ದಾರೆ. ಹಾವಿನ ಹೊಟ್ಟೆಯ ಲೆಕ್ಕ ಬಿಸಿಯ ಮೇಲೆ ನಡೆಯುತ್ತದೆ, ಹಿಂದಿನ ಊಟ ಎಷ್ಟು ದೊಡ್ಡದಿತ್ತು ಎಂಬುದರ ಮೇಲೆ ನಡೆಯುತ್ತದೆ.

ನಾನು ಮೃಗಾಲಯವೊಂದರಲ್ಲಿ ಹಾವು, ಮೊಸಳೆ, ಆಮೆಗಳನ್ನು ನೋಡಿಕೊಂಡು ನಿವೃತ್ತನಾದವನು. ನಮ್ಮಲ್ಲಿ ಪ್ರತಿಯೊಂದು ಪ್ರಾಣಿಗೂ ರಿಜಿಸ್ಟರ್ ಇರುತ್ತಿತ್ತು. ಯಾವ ತಾರೀಕು ಏನು ಕೊಟ್ಟೆವು, ತಿಂದಿತೇ ಬಿಟ್ಟಿತೇ, ಯಾವಾಗ ಹಿಕ್ಕೆ ಹಾಕಿತು, ಯಾವಾಗ ಪೊರೆ ಕಳಚಿತು, ಎಲ್ಲವನ್ನೂ ಬರೆಯಬೇಕು. ಹೆಬ್ಬಾವಿನ ಪುಟಗಳಲ್ಲಿ ‘ಮುಟ್ಟಲಿಲ್ಲ’ ಎಂಬುದೇ ಹೆಚ್ಚು. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗಳು ಅದನ್ನು ಓದಿ ಗಾಬರಿಯಾಗುತ್ತಿದ್ದರು. ನೋಡಲು ಬಂದ ಜನರಂತೂ ಗಾಜಿಗೆ ಮೂಗು ಒತ್ತಿ, ‘ಇದಕ್ಕೆ ಬರುವ ಮಾಂಸವನ್ನು ನೀವೇ ಮನೆಗೆ ಒಯ್ಯುತ್ತೀರಿ, ಅದಕ್ಕೇ ಅಲ್ಲಾಡುತ್ತಿಲ್ಲ’ ಎಂದು ಮುಖದ ಮೇಲೆ ಹೇಳಿದ್ದಾರೆ. ಹುಲಿ, ಸಿಂಹಗಳಿಗೆ ವಾರದಲ್ಲಿ ಒಂದು ದಿನ ಉಪವಾಸ. ಹಾವಿಗೆ ವಾರದಲ್ಲಿ ಒಂದು ದಿನ ಊಟ. ದೊಡ್ಡ ಹೆಬ್ಬಾವಾದರೆ ಅದೂ ಇಲ್ಲ, ಎರಡು ಮೂರು ವಾರಕ್ಕೊಮ್ಮೆ. ಚಳಿಗಾಲ ಬಂದರೆ ತಿಂಗಳುಗಟ್ಟಲೆ ಪುಟ ಖಾಲಿ. ಇಷ್ಟಾದರೂ ತೂಕ ನೋಡಿದರೆ ಹೇಳಿಕೊಳ್ಳುವಷ್ಟು ಇಳಿದಿರುವುದಿಲ್ಲ.

ಇದು ಹೇಗೆ ಸಾಧ್ಯ ಎಂದರೆ, ನಾವು ತಿಂದದ್ದರಲ್ಲಿ ಬಹುಪಾಲು ಮೈಯನ್ನು ಸದಾ 37 ಡಿಗ್ರಿಯಲ್ಲಿ ಇಟ್ಟುಕೊಳ್ಳುವುದಕ್ಕೇ ಖರ್ಚಾಗುತ್ತದೆ. ನಿಮ್ಮ ಹೇಂಟೆಯ ಮೈ ನಮಗಿಂತಲೂ ಬಿಸಿ, 41 ಡಿಗ್ರಿಯ ಆಸುಪಾಸು. ಅದಕ್ಕೇ ಅದು ಬೆಳಗಿನಿಂದ ಸಂಜೆಯವರೆಗೆ ದರಗು ಕೆದಕುತ್ತಲೇ ಇರುತ್ತದೆ. ಹಾವಿಗೆ ಈ ಖರ್ಚೇ ಇಲ್ಲ. ಬಿಸಿ ಬೇಕಾದಾಗ ಬಿಸಿಲಿಗೆ ಬರುತ್ತದೆ, ಕಾದ ಕಲ್ಲಿನ ಮೇಲೆ ಮಲಗುತ್ತದೆ, ಹೆಚ್ಚಾದರೆ ನೆರಳಿಗೆ ಸರಿಯುತ್ತದೆ. ಒಂದೇ ತೂಕದ ಹಾವಿಗೂ ಸಸ್ತನಿಗೂ ಬೇಕಾಗುವ ಆಹಾರವನ್ನು ಹೋಲಿಸಿದರೆ ಹಾವಿನದು ಹತ್ತರಲ್ಲಿ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ.

ಆದರೆ ಈ ಉಳಿತಾಯಕ್ಕೆ ಇನ್ನೊಂದು ಮುಖವಿದೆ. ತಿಂದದ್ದನ್ನು ಕರಗಿಸುವುದಕ್ಕೂ ಹೊರಗಿನ ಬಿಸಿಯೇ ಬೇಕು. 30 ಡಿಗ್ರಿಯ ಹವೆಯಲ್ಲಿ ಹೆಬ್ಬಾವಿನ ಹೊಟ್ಟೆಯಲ್ಲಿ ಕೋಳಿ ಹೆಚ್ಚುಕಡಿಮೆ ಒಂದು ವಾರದಲ್ಲಿ ಕರಗುತ್ತದೆ. ಹವೆ 20 ಡಿಗ್ರಿಗೆ ಇಳಿದರೆ ಅದೇ ಕೋಳಿಗೆ ಎರಡು ಮೂರು ಪಟ್ಟು ಸಮಯ ಬೇಕು. ಇನ್ನೂ ತಂಪಾದರೆ ಕರಗುವ ಮೊದಲೇ ಒಳಗೆ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕಿಬಿಡುತ್ತದೆ. ಚಳಿಗಾಲದಲ್ಲಿ ಹಾವು ಊಟ ಬಿಡುವುದು ಸೋಮಾರಿತನದಿಂದಲ್ಲ; ಕರಗಿಸಲಾಗದ್ದನ್ನು ನುಂಗದಿರುವ ಜಾಣತನ. ನಮ್ಮ ಮೊಸಳೆಗಳೂ ಹಾಗೆಯೇ. ಡಿಸೆಂಬರ್ ತಿಂಗಳಲ್ಲಿ ಮಾಂಸ ಎಸೆದರೆ ಮೂತಿಯ ಪಕ್ಕವೇ ಬಿದ್ದಿರುತ್ತಿತ್ತು, ಮೂಸಿಯೂ ನೋಡುತ್ತಿರಲಿಲ್ಲ. (ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ನೋಡಿ ‘ಅಯ್ಯೋ, ಹಸಿದಿದೆ’ ಎನ್ನುವವರಿದ್ದಾರೆ. ಬಾಯಿ ತೆರೆಯುವುದು ಹೆಚ್ಚಾದ ಬಿಸಿಯನ್ನು ತಗ್ಗಿಸಿಕೊಳ್ಳಲು.)

ಇನ್ನು ನಿಮ್ಮ ಮಗಳ ತಕರಾರು. ಒಳ್ಳೆಯ ತಕರಾರು, ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ. ಹಲ್ಲಿಗೂ ಹೆಬ್ಬಾವಿಗೂ ಮೊದಲ ವ್ಯತ್ಯಾಸ ಬಾಯಿಯದು. ಹಾವಿನ ಕೆಳದವಡೆಯ ಎರಡು ಭಾಗಗಳು ಮುಂದೆ ಒಂದಕ್ಕೊಂದು ಬೆಸೆದುಕೊಂಡಿಲ್ಲ, ಹಿಗ್ಗುವ ಅಂಗಾಂಶ ಅವನ್ನು ಹಿಡಿದಿಟ್ಟಿರುತ್ತದೆ. ಹೀಗಾಗಿ ತನ್ನ ತಲೆಗಿಂತ ಎಷ್ಟೋ ದಪ್ಪದ ಬೇಟೆಯನ್ನು ಇಡಿಯಾಗಿ ನುಂಗಬಲ್ಲದು. ಎಂಟು ಹತ್ತು ಕಿಲೋ ತೂಗುವ ಹೆಬ್ಬಾವು ಒಂದೂವರೆ ಕಿಲೋ ಹೇಂಟೆ ನುಂಗಿತು ಎಂದರೆ, 60 ಕಿಲೋ ತೂಗುವ ಮನುಷ್ಯ ಒಂದೇ ಪಂಕ್ತಿಯಲ್ಲಿ ಕುಳಿತು ಹತ್ತು ಕಿಲೋ ಊಟ ಮಾಡಿ ಎದ್ದ ಹಾಗೆ. ಹಲ್ಲಿಯ ಬಾಯಿಗೆ ಸಿಗುವುದು ನುಸಿ, ಪತಂಗ, ಮಳೆಹುಳ. ಒಂದು ತುತ್ತಿನಲ್ಲಿ ಹೆಚ್ಚೇನೂ ಇಲ್ಲ, ಹಾಗಾಗಿ ತುತ್ತುಗಳ ಸಂಖ್ಯೆ ಹೆಚ್ಚಬೇಕು. ಮೈ ಚಿಕ್ಕದಾದಷ್ಟೂ ಒಂದೊಂದು ಗ್ರಾಂ ತೂಕಕ್ಕೆ ಆಗುವ ಖರ್ಚು ಹೆಚ್ಚು. ಇದು ಇಲಿಗೂ ಆನೆಗೂ ಇರುವ ಲೆಕ್ಕವೇ. ಹಾಗೆಂದು ಒಂದು ರಾತ್ರಿ ಹುಳ ಸಿಗದಿದ್ದರೆ ಹಲ್ಲಿ ಸಾಯುವುದಿಲ್ಲ. ಅದರ ಕೊಬ್ಬಿನ ದಾಸ್ತಾನು ಬಾಲದಲ್ಲಿದೆ. ಬಾಲ ಕಳೆದುಕೊಂಡ ಹಲ್ಲಿಗೆ ಪ್ರಾಣ ಉಳಿಯಿತು, ಉಗ್ರಾಣ ಹೋಯಿತು.

ಮರಿಹಾವುಗಳಿಗೂ ಪದೇ ಪದೇ ಬೇಕು. ಬೆಳೆಯುವ ಮೈ ಅಲ್ಲವೇ? ವಾರಕ್ಕೊಮ್ಮೆಯಾದರೂ ಕೊಡದಿದ್ದರೆ ಸೊರಗುತ್ತವೆ. ಬೆಳೆದ ಹಾವಿಗೆ ಅದೇ ವೇಳಾಪಟ್ಟಿಯಲ್ಲಿ ಕೊಟ್ಟರೆ ಕೊಬ್ಬು ತುಂಬಿ ಯಕೃತ್ತು ಕೆಡುತ್ತದೆ. ಸೆರೆಯಲ್ಲಿರುವ ಹಾವುಗಳಲ್ಲಿ ಹಸಿವಿನಿಂದ ಕೆಟ್ಟವುಗಳಿಗಿಂತ ಪ್ರೀತಿಯಿಂದ ಕೆಟ್ಟವುಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ನಿಮ್ಮ ಹೆಬ್ಬಾವಿನ ವಿಷಯಕ್ಕೆ ಬರುತ್ತೇನೆ. ಆ ಹೇಂಟೆ ಅದಕ್ಕೆ ಕೆಲವು ವಾರಗಳ ಮಟ್ಟಿಗಂತೂ ಧಾರಾಳವಾಯಿತು. ಆರು ತಿಂಗಳು ತಿನ್ನದೆ ಬದುಕಬಲ್ಲದು ಎಂಬ ಮಾತೂ ಸುಳ್ಳಲ್ಲ. ಆದರೆ ತಡೆದುಕೊಳ್ಳಬಲ್ಲದು ಎಂಬುದಕ್ಕೂ ಬೇಡವೆನ್ನುತ್ತದೆ ಎಂಬುದಕ್ಕೂ ಬಹಳ ದೂರ. ಹೊಟ್ಟೆ ಖಾಲಿಯಾಗಿ, ಹವೆ ಬೆಚ್ಚಗಿದ್ದು, ಮೂತಿಯ ಮುಂದೆ ಕೋಳಿ ಓಡಾಡಿದರೆ ಹೆಬ್ಬಾವು ತಿಥಿ ನೋಡುವುದಿಲ್ಲ. ಕಾಡಿನಲ್ಲಿ ಮುಂದಿನ ಊಟ ಯಾವಾಗ ಎಂದು ಅದಕ್ಕೇ ಗೊತ್ತಿಲ್ಲ, ಸಿಕ್ಕಾಗ ತಿನ್ನುತ್ತದೆ. ಹಾಗಾಗಿ ದಿನ ಎಣಿಸುತ್ತಾ ಕೂರಬೇಡಿ, ಜಾಲರಿ ಬದಲಾಯಿಸಿ. ಅರ್ಧ ಇಂಚಿನ ಕಣ್ಣಿನ ಬೆಸುಗೆ ಜಾಲರಿ ಹಾಕಿಸಿ. ಕೋಳಿಗೆ ಹಾಕುವ ತೆಳು ಜಾಲರಿ ಹೆಬ್ಬಾವಿನ ಮೂತಿಗೆ ತಡೆಯುವುದಿಲ್ಲ. ಕಾಳು ಚೆಲ್ಲದಂತೆ ನೋಡಿಕೊಳ್ಳಿ. ಕಾಳಿಗೆ ಇಲಿ ಬರುತ್ತದೆ, ಇಲಿಯ ಜಾಡು ಹಿಡಿದು ಹಾವು ಬರುತ್ತದೆ. ಹಗಲು ಹೊತ್ತು ಕೋಳಿಗಳನ್ನು ಬಿಡಬಹುದು, ಕತ್ತಲಾಗುವ ಮೊದಲು ಕೂಡಿದರೆ ಸಾಕು. ಹೆಬ್ಬಾವು ಹೆಚ್ಚಾಗಿ ರಾತ್ರಿಯ ಬೇಟೆಗಾರ.

ಕೊಪ್ಪದವರೇ, ಹಾಲಿನ ವಿಷಯದಲ್ಲಿ ಮಾತ್ರ ನಿಮ್ಮ ಹಿರಿಯರ ಮಾತು ಒಪ್ಪಲಾರೆ. ಹಾವಿಗೆ ಹಾಲು ಆಹಾರವಲ್ಲ. ಹಾಲೂಡುವುದು ಸಸ್ತನಿಗಳ ವ್ಯವಹಾರ, ಹಾವಿನ ಹೊಟ್ಟೆಗೆ ಅದು ಒಗ್ಗುವುದಿಲ್ಲ. ಹಾವಾಡಿಗರ ಬುಟ್ಟಿಯಲ್ಲಿದ್ದ ನಾಗರಹಾವು ಹಾಲು ಕುಡಿದದ್ದನ್ನು ಕಣ್ಣಾರೆ ಕಂಡವರಿದ್ದಾರೆ, ನಿಜ. ನೀರಿಲ್ಲದೆ ದಿನಗಟ್ಟಲೆ ಕೂಡಿಹಾಕಿದ ಪ್ರಾಣಿಯ ಮುಂದೆ ದ್ರವ ಯಾವುದನ್ನಿಟ್ಟರೂ ಕುಡಿಯುತ್ತದೆ. ಆಮೇಲೆ ಅದು ಏನಾಗುತ್ತದೆ ಎಂದು ನೋಡಲು ಯಾರೂ ನಿಲ್ಲುವುದಿಲ್ಲ. ಪಂಚಮಿಯ ಹಾಲು ಕಲ್ಲಿನ ನಾಗನಿಗೇ ಸಲ್ಲಲಿ.

ಜೀವಶಾಸ್ತ್ರ ಮೇಷ್ಟ್ರು, ಧಾರವಾಡ

ಪಾಲಕರ ಅನುಭವದ ಮಾತಿಗೆ ಪ್ರಯೋಗಶಾಲೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹುಡುಗಿಯ ಪ್ರಶ್ನೆಗೆ ಇನ್ನೂ ಒಂದು ಉತ್ತರವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು.

ಅಮೆರಿಕದ ಸ್ಟೀಫನ್ ಸೀಕರ್ ಮತ್ತು ಜೇರ್ಡ್ ಡೈಮಂಡ್ ಎಂಬ ವಿಜ್ಞಾನಿಗಳು 1990ರ ದಶಕದಲ್ಲಿ ಬರ್ಮಾ ಹೆಬ್ಬಾವುಗಳ ಜೀರ್ಣಾಂಗವನ್ನು ಪರೀಕ್ಷಿಸಿದರು. ಉಪವಾಸದಲ್ಲಿರುವ ಹೆಬ್ಬಾವಿನ ಜಠರದಲ್ಲಿ ಆಮ್ಲವೇ ಇರುವುದಿಲ್ಲ, ಅಲ್ಲಿಯ ಪಿಎಚ್ (ಆಮ್ಲದ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು) ನೀರಿನ ಹಾಗೆ 7ರ ಹತ್ತಿರ. ಕರುಳು ಕುಗ್ಗಿ ತೆಳ್ಳಗಾಗಿರುತ್ತದೆ. ಬೇಟೆ ಒಳಗೆ ಬಿತ್ತೋ, ಕಾರ್ಖಾನೆ ಶುರು. ಆಮ್ಲ ಸುರಿಯತೊಡಗಿ ಪಿಎಚ್ ಎರಡಕ್ಕಿಂತ ಕೆಳಗೆ ಇಳಿಯುತ್ತದೆ. ಒಂದೆರಡು ದಿನದಲ್ಲಿ ಸಣ್ಣಕರುಳಿನ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಯಕೃತ್ತು, ಮೂತ್ರಪಿಂಡಗಳೂ ಬೆಳೆಯುತ್ತವೆ. ಸುಮ್ಮನೆ ಬಿದ್ದಿರುವಂತೆ ಕಾಣುವ ಹಾವು ಆಗ ಬಳಸುವ ಆಮ್ಲಜನಕ ಉಪವಾಸದಲ್ಲಿ ಬಳಸುವುದರ ಹತ್ತಾರು ಪಟ್ಟು. ತನ್ನ ಮೈತೂಕಕ್ಕೆ ಹತ್ತಿರದ ಬೇಟೆ ನುಂಗಿದರೆ ನಲವತ್ತು ಪಟ್ಟಿನವರೆಗೂ ಏರಿದ ದಾಖಲೆಯಿದೆ. ಓಟದ ಕುದುರೆ ಓಡುವಾಗ ಏರುವ ಪ್ರಮಾಣವದು. ಹತ್ತು ಹದಿನಾಲ್ಕು ದಿನದಲ್ಲಿ ಎಲ್ಲ ಮುಗಿದು, ಬೆಳೆದ ಅಂಗಗಳು ಮತ್ತೆ ಕುಗ್ಗುತ್ತವೆ. ನಿಮ್ಮ ಕೋಳಿಗೂಡಿನಲ್ಲಿ ಕದಲದೆ ಮಲಗಿದ್ದ ಹೆಬ್ಬಾವಿನೊಳಗೆ ಇಷ್ಟು ನಡೆದಿತ್ತು, ಶಾರದಾ ಅವರೇ.

ಈಗ ಮುಖ್ಯ ವಿಷಯ. ಎಲ್ಲ ಹಾವುಗಳೂ ಹೀಗೆ ಮಾಡುವುದಿಲ್ಲ. ಬೇಟೆ ಬರಲಿ ಎಂದು ಒಂದೇ ಕಡೆ ಹೊಂಚು ಹಾಕಿ ಕೂರುವ ಹೆಬ್ಬಾವು, ಮಂಡಲದ ಹಾವಿನಂಥವುಗಳ ಪದ್ಧತಿ ಇದು. ಊಟ ಅಪರೂಪ, ಹಾಗಾಗಿ ಖಾಲಿ ಕರುಳನ್ನು ದಿನವೂ ಸಾಕುವುದು ನಷ್ಟ. ಮುಚ್ಚಿಟ್ಟು, ಬೇಕಾದಾಗ ತೆರೆಯುವುದು ಲಾಭ. ಬೇಟೆ ಹುಡುಕಿಕೊಂಡು ಹಗಲೆಲ್ಲ ಓಡಾಡುವ ಹಾವುಗಳು ಆಗಾಗ ತಿನ್ನುತ್ತವೆ, ಅವು ಕರುಳನ್ನು ಅಷ್ಟಾಗಿ ಮುಚ್ಚುವುದಿಲ್ಲ. ನಿಮ್ಮ ತೋಟದ ಕೇರೆ ಹಾವು ಈ ಎರಡನೆಯ ಗುಂಪಿನ ನಡವಳಿಕೆಯದು. ಕಣದಲ್ಲಿ ಹರಿದು, ಮಾಡು ಹತ್ತಿ, ಕಪ್ಪೆ, ಇಲಿ, ಹಕ್ಕಿಮರಿ ಎಂದು ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಹೊಂಚುವ ಬುಡುಬುಡಿಕೆ ಹಾವನ್ನೂ (ರ್ಯಾಟಲ್‌ಸ್ನೇಕ್) ಓಡಾಡುವ ಹಾವನ್ನೂ ಅಕ್ಕಪಕ್ಕ ಅಧ್ಯಯನ ಮಾಡಿದಾಗ, ಓಡಾಡುವುದರ ಶಕ್ತಿಯ ಖರ್ಚು ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಒಂದೇ ನೆಲ, ಒಂದೇ ಬಿಸಿಲು. ಬದುಕುವ ರೀತಿ ಬೇರೆ, ಹಸಿವು ಬೇರೆ. ಹಾವುಗಳು ಎಷ್ಟು ದಿನಕ್ಕೊಮ್ಮೆ ತಿನ್ನುತ್ತವೆ ಎಂದು ಯಾರಾದರೂ ಒಂದೇ ಸಂಖ್ಯೆ ಹೇಳಿದರೆ ನಾನು ಅದನ್ನು ನಂಬುವುದಿಲ್ಲ.

ಆರು ತಿಂಗಳ ಉಪವಾಸದ ಬಗ್ಗೆಯೂ ಪ್ರಯೋಗವಿದೆ. 2007ರಲ್ಲಿ ಪ್ರಕಟವಾದ ಮಾರ್ಷಲ್ ಮೆಕ್ಯೂ ಅವರ ಅಧ್ಯಯನದಲ್ಲಿ ಮೂರು ಜಾತಿಯ ಹಾವುಗಳನ್ನು ಸುಮಾರು ಆರು ತಿಂಗಳು ಆಹಾರವಿಲ್ಲದೆ ಇಡಲಾಯಿತು. ಮೊದಲೇ ಕಡಿಮೆಯಿದ್ದ ದೇಹದ ಖರ್ಚನ್ನು ಅವು ಶೇ. 72ರವರೆಗೆ ಇಳಿಸಿಕೊಂಡವು. ವಿಚಿತ್ರವೆಂದರೆ, ತಿನ್ನದೆಯೂ ಅವು ಉದ್ದಕ್ಕೆ ಬೆಳೆದವು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಮರುಭೂಮಿ ಕನ್ನಡಿಗ, ಅರಿಜೋನಾ

ಮೇಷ್ಟ್ರೇ, ನಾನಿರುವ ಕಡೆ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಜಾತಿಯ ಪ್ರಾಣಿಯಿದೆ. ಕಪ್ಪು ಮೈಮೇಲೆ ಕಿತ್ತಳೆ ಬಣ್ಣದ ಚಿತ್ತಾರ, ಮಣಿ ಪೋಣಿಸಿದಂಥ ಚರ್ಮ, ನಮ್ಮ ಉಡಕ್ಕಿಂತ ಗಿಡ್ಡ, ದಪ್ಪ ಬಾಲ. ಆ ಬಾಲವೇ ಕೊಬ್ಬಿನ ಭಂಡಾರ. ಹಕ್ಕಿ, ಆಮೆಗಳ ಮೊಟ್ಟೆ, ಗೂಡಿನಲ್ಲಿರುವ ಮರಿಗಳೇ ಇದರ ಊಟ. ಒಮ್ಮೆಗೇ ಮೈತೂಕದ ಮೂರನೇ ಒಂದು ಪಾಲು ತಿಂದುಬಿಡುತ್ತದೆ. ವರ್ಷದ ಬಹುಪಾಲು ಬಿಲದೊಳಗೆ ಕಳೆಯುತ್ತದೆ. ಮೂರು ನಾಲ್ಕು ದೊಡ್ಡ ಊಟ ಸಿಕ್ಕರೆ ಇಡೀ ವರ್ಷಕ್ಕೆ ಸಾಕಾಗಬಹುದು ಎಂದು ಇಲ್ಲಿಯ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನ್ಯೂಯಾರ್ಕಿನ ವೈದ್ಯ ಜಾನ್ ಎಂಗ್ ಅವರು 1992ರಲ್ಲಿ ಈ ಪ್ರಾಣಿಯ ವಿಷದಲ್ಲಿ ಎಕ್ಸೆಂಡಿನ್-4 ಎಂಬ ಹಾರ್ಮೋನನ್ನು ಕಂಡುಹಿಡಿದರು. ಊಟವಾದ ಮೇಲೆ ಇನ್ಸುಲಿನ್ ಹೊರಡುವಂತೆ ಮಾಡುವ ನಮ್ಮದೇ ಕರುಳಿನ ಹಾರ್ಮೋನಿನ ಕೆಲಸವನ್ನೇ ಅದೂ ಮಾಡುತ್ತದೆ, ಆದರೆ ನಮ್ಮದರ ಹಾಗೆ ನಿಮಿಷಗಳಲ್ಲಿ ಒಡೆದುಹೋಗದೆ ಗಂಟೆಗಟ್ಟಲೆ ಉಳಿಯುತ್ತದೆ. ಅದರ ಕೃತಕ ರೂಪಕ್ಕೆ 2005ರಲ್ಲಿ ಇಲ್ಲಿ ಮಧುಮೇಹದ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಇವತ್ತು ತೂಕ ಇಳಿಸುವುದಕ್ಕೆಂದು ಎಲ್ಲರೂ ಮಾತನಾಡುತ್ತಿರುವ ಚುಚ್ಚುಮದ್ದುಗಳೂ ಇದೇ ಬಗೆಯವು. ಮೂರು ಹೊತ್ತು ಉಂಡು ನಡುವೆ ಚಕ್ಕುಲಿ ಕೋಡುಬಳೆ ಮೆಲ್ಲುವ ನಮ್ಮ ಮನೆತನದ ಸಕ್ಕರೆ ಕಾಯಿಲೆಗೆ, ವರ್ಷಕ್ಕೆ ನಾಲ್ಕು ಸಲ ಉಣ್ಣುವ ಪ್ರಾಣಿಯಿಂದ ಔಷಧಿ ಬಂದದ್ದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ನಾಲ್ಕನೇ ಮಹಡಿ, ಬೆಂಗಳೂರು

ಪಾಲಕರಲ್ಲಿ ಒಂದು ಪ್ರಶ್ನೆ, ಸರ್. ಅಕ್ಕನ ಹೆಬ್ಬಾವಿನ ನಡುವೆ ನನ್ನ ಪುಟ್ಟ ಆಮೆಯನ್ನು ತರುತ್ತಿದ್ದೇನೆ, ಕ್ಷಮಿಸಿ. ಕೆನ್ನೆಯ ಮೇಲೆ ಕೆಂಪು ಗೆರೆಯಿರುವ ನೀರಾಮೆ, ಅಂಗಡಿಯಲ್ಲಿ ತಂದದ್ದು, ಈಗ ಅಂಗೈಗಿಂತ ದೊಡ್ಡದಾಗಿದೆ. ನಾನು ಗಾಜಿನ ತೊಟ್ಟಿಯ ಹತ್ತಿರ ಹೋದರೆ ಸಾಕು, ಕಾಲು ಬಡಿದು ಊಟ ಕೇಳುತ್ತದೆ, ದಿನಕ್ಕೆ ಮೂರು ಸಲ ಕಾಳಿನಂಥ ಆಹಾರ ಹಾಕುತ್ತಿದ್ದೆ. ಈಗ ಚಳಿ ಶುರುವಾದ ಮೇಲೆ ಏನನ್ನೂ ಮುಟ್ಟುತ್ತಿಲ್ಲ. ಬಾಯಿ ತೆರೆಸಿ ತಿನ್ನಿಸಬೇಕೇ? ಚಿಪ್ಪಿನ ಫಲಕಗಳೂ ಒಂದೊಂದೇ ಗೋಪುರದಂತೆ ಎದ್ದಿವೆ.

ತೋಟದಮನೆ ಶಾರದೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ಧನ್ಯವಾದ. ಅತ್ತೆಗೆ ಓದಿ ಹೇಳಿದೆ. ‘ಹಾಗಾದರೆ ಬರುವುದಿಲ್ಲ ಎಂದು ಅವರೂ ಹೇಳಿಲ್ಲವಲ್ಲ’ ಎಂದು ಗೆದ್ದವರ ಹಾಗೆ ನಕ್ಕರು. ಮಗಳು ಕುದುರೆಯ ಮಾತನ್ನು ಶಾಲೆಯಲ್ಲಿ ಹೇಳಲು ಬರೆದುಕೊಂಡಿದ್ದಾಳೆ.

ಪಾಲಕರೇ, ಇನ್ನೊಂದು ಸಂಶಯ. ಚೀಲಕ್ಕೆ ಹಾಕುವಾಗ ಹಾವು ಕೋಳಿಯನ್ನು ಅರ್ಧ ಕಕ್ಕಲು ನೋಡಿತು. ಅವರು ಹಾಗೆಯೇ ಬಿಟ್ಟು, ಸ್ವಲ್ಪ ಹೊತ್ತು ಕಾದು, ಆಮೇಲೆ ನಿಧಾನವಾಗಿ ಹಿಡಿದರು. ಒಂದು ವೇಳೆ ಪೂರ್ತಿ ಕಕ್ಕಿದ್ದರೆ ಬೇಗ ಹಸಿವಾಗುತ್ತಿತ್ತೇ? ಮತ್ತೆ, ಇದು ಹೆಣ್ಣಾಗಿದ್ದು ಮೊಟ್ಟೆ ಇಟ್ಟರೆ ಮರಿಗಳಿಗಾಗಿ ಬೇಟೆಗೆ ಬರುತ್ತದೆಯೇ?

ನಿವೃತ್ತ ಪಾಲಕ, ಮೈಸೂರು

ಶಾರದಮ್ಮ, ಹಿಡಿದವರು ಬಲ್ಲವರೇ. ಹೆದರಿದ ಹೆಬ್ಬಾವು ಮೊದಲು ಹೊಟ್ಟೆಯ ಭಾರ ಇಳಿಸಿ ಓಡಲು ನೋಡುತ್ತದೆ. ಕಕ್ಕಿದ್ದರೆ ನಷ್ಟ ದೊಡ್ಡದು. ಮೇಷ್ಟ್ರು ಹೇಳಿದ ಕಾರ್ಖಾನೆ ತೆರೆಯಲು ಅದು ಆಗಲೇ ಕೈಯಿಂದ ಖರ್ಚು ಮಾಡಿರುತ್ತದೆ, ಬಂದ ಬೇಟೆಯೂ ಹೋಯಿತು, ಗಂಟಲು ಅನ್ನನಾಳಗಳು ಆಮ್ಲಕ್ಕೆ ಸುಡುತ್ತವೆ. ನಮ್ಮಲ್ಲಿ ಕಕ್ಕಿದ ಹಾವಿಗೆ ಒಂದೆರಡು ವಾರ ಏನನ್ನೂ ತೋರಿಸುತ್ತಿರಲಿಲ್ಲ, ಆಮೇಲೆ ಕೊಟ್ಟರೂ ಸಣ್ಣದನ್ನೇ. ಹಾಗಾಗಿ ಇನ್ನೊಮ್ಮೆ ಕಾಡಂಚಿನಲ್ಲಿ ಹೊಟ್ಟೆ ಉಬ್ಬಿದ ಹೆಬ್ಬಾವು ಕಂಡರೆ ಜನ ಸೇರಿಸಿ ಫೋಟೋ ತೆಗೆಯಲು ಬಿಡಬೇಡಿ. ಅದರ ಪಾಡಿಗೆ ಅದು ಮಲಗಿದ್ದು ಹೋಗುತ್ತದೆ.

ಹೆಣ್ಣಾದರೆ ನಿಮ್ಮ ಕೋಳಿಗಳಿಗೆ ಇನ್ನೂ ಕ್ಷೇಮ. ಚಳಿಗಾಲ ಹೆಬ್ಬಾವುಗಳು ಕೂಡುವ ಕಾಲ, ಆಗ ಊಟದ ಕಡೆ ಗಮನ ಕಡಿಮೆ. ಬೇಸಿಗೆಯಲ್ಲಿ ಮೊಟ್ಟೆ ಇಟ್ಟ ತಾಯಿ ಅದರ ಸುತ್ತ ಸುರುಳಿಯಾಗಿ ಸುಮಾರು ಎರಡು ತಿಂಗಳು ಕಾವು ಕೂರುತ್ತದೆ. ಊಟವಿಲ್ಲ, ಹೆಚ್ಚೆಂದರೆ ನೀರಿಗೋ ಬಿಸಿಲಿಗೋ ಎದ್ದು ಬರುತ್ತದೆ. ತಂಪಾದರೆ ಮೈಯ ಸ್ನಾಯುಗಳನ್ನು ಲಯಬದ್ಧವಾಗಿ ಅದುರಿಸಿ ತಾನೇ ಬಿಸಿ ಹುಟ್ಟಿಸುತ್ತದೆ. ನ್ಯೂಯಾರ್ಕ್ ಮೃಗಾಲಯದ ಹೆಬ್ಬಾವಿನ ಮೇಲೆ ಅಳತೆ ಮಾಡಿ 1966ರಲ್ಲಿ ಇದನ್ನು ಪ್ರಕಟಿಸಿದ್ದಾರೆ. ಬಿಸಿಗೆಂದು ಒಂದು ಕಾಸೂ ಖರ್ಚು ಮಾಡದ ಪ್ರಾಣಿ, ಊಟವಿಲ್ಲದ ಕಾಲದಲ್ಲಿಯೇ ಆ ಖರ್ಚು ಮಾಡುತ್ತದೆ. ಕಾವು ಮುಗಿಯುವ ಹೊತ್ತಿಗೆ ತಾಯಿಯ ಬೆನ್ನುಮೂಳೆ ಎದ್ದು ಕಾಣುತ್ತದೆ. ಮರಿಗಳಿಗೆ ಅದು ಏನನ್ನೂ ತಂದುಕೊಡುವುದಿಲ್ಲ. ಅವು ಮೊಟ್ಟೆಯಿಂದ ಬರುವಾಗಲೇ ಹೊಟ್ಟೆಯಲ್ಲಿ ಹಳದಿ ಲೋಳೆಯ ಬುತ್ತಿ ಕಟ್ಟಿಕೊಂಡು ಬರುತ್ತವೆ, ಮೊದಲ ಪೊರೆ ಕಳಚುವವರೆಗೆ ಬಹಳಷ್ಟು ಮರಿಗಳು ತಿನ್ನುವುದೇ ಇಲ್ಲ. ಪೊರೆಯ ಮುಂಚಿನ ದಿನಗಳಲ್ಲಿ ದೊಡ್ಡ ಹಾವೂ ಊಟ ಬಿಡುತ್ತದೆ. ಕಣ್ಣು ಹಾಲಿನಂತೆ ಬೆಳ್ಳಗಾದರೆ ರಿಜಿಸ್ಟರಿನಲ್ಲಿ ‘ಪೊರೆ’ ಎಂದು ಬರೆದು ನಾವು ಆ ಕಡೆ ಹೋಗುತ್ತಲೇ ಇರಲಿಲ್ಲ.

ನಾಲ್ಕನೇ ಮಹಡಿಯವರೇ, ಬಾಯಿ ತೆರೆಸುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ನೀರು ತಣ್ಣಗಾಗಿದೆ, ಅಷ್ಟೇ ಇರಬಹುದು. ತಣ್ಣನೆಯ ಹೊಟ್ಟೆಗೆ ಬಲವಂತವಾಗಿ ತುರುಕಿದ್ದು ಒಳಗೇ ಕೊಳೆಯುತ್ತದೆ. ಮೊದಲು ತೊಟ್ಟಿಗೆ ಥರ್ಮಾಮೀಟರ್ ಹಾಕಿ, ನೀರು ಕಾಯಿಸುವ ಹೀಟರ್ ಇಟ್ಟು 24ರಿಂದ 26 ಡಿಗ್ರಿಗೆ ತನ್ನಿ. ಪೂರ್ತಿ ಒಣಗಿ ಕೂರಲು ಒಂದು ಕಲ್ಲು, ಅದರ ಮೇಲೆ ಬಿಸಿ ಕೊಡುವ ಬಲ್ಬು ಬೇಕು. ಬೆಚ್ಚಗಾದ ಮೇಲೂ ವಾರದೊಳಗೆ ತಿನ್ನದಿದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಒಂದು ಕಡೆ ವಾಲಿ ಈಜಿದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಅದು ಕಾಲು ಬಡಿಯುವುದು ಹಸಿವಿಗಲ್ಲ. ನೀವು ಬಂದರೆ ತಿಂಡಿ ಬರುತ್ತದೆ ಎಂದು ಕಲಿತಿದೆ. ಬೆಳೆದ ನೀರಾಮೆಗೆ ಕಾಳಿನ ಆಹಾರ ಎರಡು ಮೂರು ದಿನಕ್ಕೊಮ್ಮೆ ಸಾಕು, ಅದೂ ಅದರ ತಲೆಯ ಗಾತ್ರದಷ್ಟು. ನಡುವಿನ ದಿನಗಳಲ್ಲಿ ಸೊಪ್ಪು ಕೊಡಿ. ನೀರಿನಲ್ಲೇ ಹಾಕಬೇಕು, ನೆಲದ ಮೇಲೆ ಅದಕ್ಕೆ ನುಂಗಲು ಬರುವುದಿಲ್ಲ. ಚಿಪ್ಪು ಗೋಪುರವಾದದ್ದಕ್ಕೆ ದಿನಕ್ಕೆ ಮೂರು ಊಟವೂ ಕಾರಣವಿರಬೇಕು. ಎದ್ದದ್ದು ಇಳಿಯುವುದಿಲ್ಲ, ಇನ್ನು ಮುಂದಿನ ಬೆಳವಣಿಗೆ ಸರಿಯಾಗಬಹುದು. ಸಾಕಾಯಿತೆಂದು ಕೆರೆಗೆ ಮಾತ್ರ ಬಿಡಬೇಡಿ. ಇದು ಅಮೆರಿಕದ ಜಾತಿ, ನಮ್ಮ ಕೆರೆಯ ಆಮೆಗಳ ಊಟಕ್ಕೂ ಬಿಸಿಲಿಗೂ ಪಾಲು ಕೇಳುತ್ತದೆ. ಚಿಪ್ಪಿನ ಸುಣ್ಣಕ್ಕೆ ನೇರಳಾತೀತ ಬೆಳಕು ಬೇಕು, ಕಿಟಕಿಯ ಗಾಜಿನ ಹಿಂದೆ ತೊಟ್ಟಿ ಇಟ್ಟರೆ ಆ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬಾಲ್ಕನಿಯಲ್ಲಿ ಬೆಳಗಿನ ನೇರ ಬಿಸಿಲು ಬೀಳುವ ಜಾಗವಿದ್ದರೆ, ನೆರಳಿಗೆ ಸರಿಯಲು ಒಂದು ಮೂಲೆ ಇಟ್ಟು, ಕಾಗೆ ಹದ್ದು ಬರದಂತೆ ಮೇಲೊಂದು ಜಾಲರಿ ಮುಚ್ಚಿ ದಿನಕ್ಕೆ ಅರ್ಧ ಗಂಟೆ ಇಡಿ.